ಗುದ್ಲೆಪ್ಪ ಕಾಕಾ ಮಾಡಿಸಿದ ಪಂಪಿನ ಲಗ್ನ

ಯಲವಿಗಿ ಸ್ಟೇಷನ್ನಿನಿಂದ ಊರೊಳಗೆ ಬರುವ ರಸ್ತೆಗೆ ಹತ್ತಿಕೊಂಡೇ ನಮ್ಮ ಶೆಡ್ಡು. ಒಳಗೆ ಟ್ರ್ಯಾಕ್ಟರು, ರೋಟವೇಟರು, ಕೂರಿಗೆ ರಿಪೇರಿ ಮಾಡುವವನು ನನ್ನ ಗಂಡ ಸುಭಾಸ. ಮುಂದಿನ ಕೌಂಟರಿನಲ್ಲಿ ಕುಳಿತು ನಟ್ಟು, ಬೋಲ್ಟು, ಬೇರಿಂಗು, ಗ್ರೀಸು ಮಾರುವವಳು ನಾನು, ಮಂಜುಳಾ. ಬಂದವರೆಲ್ಲ ನನ್ನನ್ನು ದಾಟಿಯೇ ಒಳಗೆ ಹೋಗಬೇಕಾದ್ದರಿಂದ ಶೆಡ್ಡಿನ ಮಾತು ಒಂದೂ ನನ್ನ ಕಿವಿ ತಪ್ಪುವುದಿಲ್ಲ. ಹಾನಗಲ್ಲಿನ ಗುದ್ಲೆಪ್ಪ ಕಾಕಾರ ಹೆಸರು ಬಂದರೆ ಸಾಕು, ಈಗಲೂ ಕೆಲವರು ಹಲ್ಲು ಕಿಸಿಯುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಇವರಿಗೆ ಗೊತ್ತಿರುವುದು ಅರ್ಧ ಕಥೆ, ನಗುವುದು ಮಾತ್ರ ಪೂರ್ತಿ. ಉಳಿದ ಅರ್ಧ ನನ್ನ ಕಣ್ಣೆದುರೇ ನಡೆದದ್ದು. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಗುದ್ಲೆಪ್ಪ ಕಾಕಾ ಹೈಡ್ರಾಲಿಕ್ ಮಿಸ್ತ್ರಿ. ಶಿಗ್ಗಾಂವಿಯ ಇಟ್ಟಿಗೆ ಪ್ರೆಸ್ಸೇ ಇರಲಿ, ಹಿರೇಕೆರೂರಿನಲ್ಲಿ ಜೀಪು ಎತ್ತಿ ತೊಳೆಯುವ ಲಿಫ್ಟೇ ಇರಲಿ, ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರ ಯಾವುದು ಮುನಿಸಿಕೊಂಡರೂ ಫೋನು ಹೋಗುವುದು ಅವರಿಗೇ. ಹರೆಯದಲ್ಲಿ ಹಾನಗಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ ಕಲಿತರು. ಈಗ ಹಳೆಯ ಬೈಕಿನ ಹಿಂದೆ ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು ನಾಲ್ಕು ತಾಲೂಕು ತಿರುಗುತ್ತಾರೆ. ಅಳತೆಯ ಸಾಮಾನುಗಳನ್ನು ಹೆಂಡತಿಯ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿರುತ್ತಾರೆ. ಅದನ್ನು ಬೇರೆ ಯಾರಾದರೂ ಮುಟ್ಟಿದರೆ ಮಾತ್ರ ಕಾಕಾರ ಸಿಟ್ಟು ನೋಡಬೇಕು.

ಅವರು ಹೆಸರಾದದ್ದು ಸಾಲು ಹಿಡಿಯುವ ಕೆಲಸಕ್ಕೆ. ಎಣ್ಣೆ ತಳ್ಳುವ ಪಂಪು ತಾನಾಗಿ ತಿರುಗುವುದಿಲ್ಲ, ಪಕ್ಕದ ಮೋಟರು ಅದನ್ನು ತಿರುಗಿಸಬೇಕು. ಎರಡರ ದಂಡಗಳೂ ಎದುರುಬದುರಾಗಿ ಒಂದೇ ಗೆರೆಯಲ್ಲಿ ನಿಲ್ಲಬೇಕು. ಅವನ್ನು ಜೋಡಿಸುವುದು ಕಪ್ಲಿಂಗು: ಹಲ್ಲು ಹಲ್ಲಾದ ಎರಡು ಕಬ್ಬಿಣದ ತುಂಡು, ಅವುಗಳ ನಡುವೆ ಮೆತ್ತೆಯ ಹಾಗೆ ಒಂದು ರಬ್ಬರು. ಗೆರೆ ಕೂದಲೆಳೆಯಷ್ಟು ಓರೆಯಾದರೂ ರಬ್ಬರು ಪುಡಿಯಾಗುತ್ತದೆ, ಎಣ್ಣೆ ಸೋರುತ್ತದೆ, ಕಡೆಗೆ ಪಂಪೇ ಹೋಗುತ್ತದೆ. ಈ ಜೋಡಣೆಗೆ ಬೇರೆ ಮಿಸ್ತ್ರಿಗಳು ಅಲೈನ್‌ಮೆಂಟ್ ಅನ್ನುತ್ತಾರೆ. ಕಾಕಾ ಮಾತ್ರ ಲಗ್ನ ಅನ್ನುತ್ತಾರೆ.

"ಮೋಟರ್ ವರ, ಪಂಪ್ ಕನ್ಯಾ," ಅನ್ನುವುದು ಅವರ ರೂಢಿ. "ಕನ್ಯಾಕ್ಕ ಪೈಪಿನ ಬಳಗ ಇರ್ತೈತಿ, ಆಕಿ ಜಾಗಾ ಬಿಟ್ಟು ಅಲುಗಂಗಿಲ್ಲ. ವರನ ಸರಕೊಂಡು ಬರಬೇಕು. ನಾ ಮಾಡಿಸಿದ ಲಗ್ನ ಇವತ್ತಿನ ತನಾ ಒಂದೂ ಸೋಡಚೀಟಿ ಆಗಿಲ್ಲ." ಗಂಡ ಹೆಂಡತಿ ಬಿಟ್ಟು ಬೇರೆಯಾಗುವುದಕ್ಕೆ ನಮ್ಮ ಕಡೆ ಸೋಡಚೀಟಿ ಅನ್ನುತ್ತಾರೆ. ವರನೇ ಸರಿಯಬೇಕು ಅನ್ನುವ ಮಾತು ನನಗೆ ಮೊದಲಿನಿಂದಲೂ ಬಹಳ ಸೇರುತ್ತದೆ.

ಈ ಮಾತು ಅವರಿಗೆ ಸುಮ್ಮನೆ ಅಂಟಿದ್ದಲ್ಲ. ಊರೂರು ತಿರುಗುವವರು, ಯಾರ ಮನೆಯಲ್ಲಿ ಹುಡುಗ ಇದ್ದಾನೆ, ಯಾರ ಮನೆಯಲ್ಲಿ ಹುಡುಗಿ ಇದ್ದಾಳೆ ಎಲ್ಲ ಗೊತ್ತು. ಹೀಗಾಗಿ ಮನುಷ್ಯರ ಲಗ್ನವನ್ನೂ ಕೂಡಿಸುತ್ತಾರೆ. ನನ್ನ ತವರು ಹಂಸಭಾವಿ. ಅಲ್ಲಿ ಅಪ್ಪನ ಸಿಮೆಂಟ್ ಇಟ್ಟಿಗೆಯ ಮಶೀನು ಕೆಟ್ಟಾಗ ಅದರ ಕೆಳಗೆ ಅಂಗಾತ ಮಲಗಿಕೊಂಡೇ ಕಾಕಾ ನನ್ನ ಮದುವೆಯ ಮಾತು ತೆಗೆದಿದ್ದರು. "ಯಲವಿಗ್ಯಾಗ ಒಬ್ಬಾಂವ ಅದಾನ್ರಿ. ಮಾತು ಒರಟು, ಕೈ ಚೊಲೊ," ಅಂದಿದ್ದರಂತೆ. ಎರಡೂ ಖರೇ ಆದವು.

ಹೋದ ವರ್ಷ ಮುಂಗಾರಿನ ಮುಂದೆ ನಮ್ಮ ಪ್ರೆಸ್ಸಿನ ಪಂಪು ವಯಸ್ಸಾಗಿ ನಿಂತಿತು. ರೋಟವೇಟರಿನ ಬೇರಿಂಗು ತೆಗೆಯುವುದಕ್ಕೂ ಹಾಕುವುದಕ್ಕೂ ಆ ಪ್ರೆಸ್ಸೇ ಬೇಕು. ಬಿತ್ತುವ ದಿನ ಹತ್ತಿರ ಬಂದಾಗ ಅದು ನಿಂತರೆ ಶೆಡ್ಡಿನ ಮುಂದೆ ಜಾತ್ರೆ, ಕೆಲಸ ಮಾತ್ರ ಶೂನ್ಯ. ಹೊಸ ಪಂಪು ಹಚ್ಚಲು ಕಾಕಾ ಬಂದರು. ಬಂದವರೇ ಶೆಡ್ಡಿನ ಹಿಂದಿನ ಅಡುಗೆಮನೆಯತ್ತ ಕೂಗಿದರು: "ಮಂಜುಳವ್ವಾ, ಒಂದು ಬೋಗಾಣಿ ನೀರು ಕಾಸು. ಚಹಾಕ್ಕಲ್ಲ, ಕಪ್ಲಿಂಗಿಗೆ." ಕಪ್ಲಿಂಗಿನ ತುಂಡನ್ನು ಕುದಿಯುವ ನೀರಿನಲ್ಲಿ ಇಟ್ಟರೆ ಅದರ ತೂತು ಒಂದಿಷ್ಟು ಹಿಗ್ಗಿ ಪಂಪಿನ ದಂಡಕ್ಕೆ ತಾನೇ ಸರಿಯುತ್ತದೆ. ಸುತ್ತಿಗೆಯಿಂದ ಬಡಿದು ಹಾಕುವವರನ್ನು ಕಂಡರೆ ಕಾಕಾರಿಗೆ ಆಗುವುದಿಲ್ಲ. "ಕನ್ಯಾನ ಬಡದು ಕರಕೊಂಡು ಬರ್ತಾರೇನ್ರಿ?" ಅನ್ನುತ್ತಾರೆ.

ನಮ್ಮತ್ತಿ, ಸುಭಾಸನ ಅವ್ವ ಶೇಖವ್ವ, ಒಂದು ಎಣ್ಣೆ ಡಬ್ಬಿಯನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕುಳಿತು ಇದನ್ನೆಲ್ಲ ನೋಡಿದರು. ಅವರಿಗೆ ಎಪ್ಪತ್ತು ದಾಟಿದೆ, ತೋಳಿನಲ್ಲಿ ಇನ್ನೂ ಹೊಲದ ಕಸುವಿದೆ. ದಿನಾ ಸಂಜೆ ಶೆಡ್ಡಿಗೆ ಬಂದು ಎಲ್ಲ ಮಶೀನಿಗೂ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗದೆ ಅವರಿಗೆ ಊಟ ಸೇರುವುದಿಲ್ಲ. ಸುಭಾಸನಿಗೆ ಇದು ಕಿರಿಕಿರಿ. "ಅವ್ವಾ, ಎಲ್ಲರೆ ಕೈ ಸಿಗಿಸ್ಕೊಂಡೀ, ಶೆಡ್ಡಿನ್ಯಾಗ ಬರಬ್ಯಾಡ," ಎಂದು ಗೊಣಗುತ್ತಲೇ ಇರುತ್ತಾನೆ. ಕಾಕಾ ಹಾಗಲ್ಲ. "ಅವ್ವಾರ, ಹದಿಮೂರರ ಪಾನಾ ಕೊಡ್ರಿ," ಎಂದು ಅವರಿಗೇ ಕೆಲಸ ಹೇಳಿದರು. ಸಂಜೆಯೊಳಗೆ ಅತ್ತಿ ಬೋಲ್ಟು ತಿರುಗಿಸುವ ಪಾನಾಗಳ ನಂಬರನ್ನು ನನಗಿಂತ ಚೆನ್ನಾಗಿ ಕಲಿತರು.

ಕಾಕಾ ಉಕ್ಕಿನ ಪಟ್ಟಿ ಅಡ್ಡ ಹಿಡಿದು, ಬೆಳಕು ನುಸುಳುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಗಡಿಯಾರದಂಥ ಡಯಲ್ ಗೇಜು ಹಚ್ಚಿ ದಂಡವನ್ನು ಕೈಯಿಂದ ತಿರುಗಿಸಿದರು. ಮೋಟರನ್ನು ಇಷ್ಟು ಸರಿಸು, ಬಿಗಿ ಮಾಡು, ಮತ್ತೆ ನೋಡು. ಒಣ ಪಂಪನ್ನು ತಿರುಗಿಸಬಾರದೆಂದು ಮೊದಲು ಅದಕ್ಕೆ ಎಣ್ಣೆ ಕುಡಿಸಿದರು. ಸ್ವಿಚ್ಚು ಮುಟ್ಟಿ ಬಿಟ್ಟು, ಮೋಟರು ಸರಿಯಾದ ದಿಕ್ಕಿಗೆ ತಿರುಗುವುದನ್ನು ಖಾತ್ರಿ ಮಾಡಿಕೊಂಡರು. ಪ್ರೆಸ್ಸು ಸದ್ದಿಲ್ಲದೆ ಇಳಿಯಿತು.

"ಲಗ್ನ ಆತ್ರಿ, ಅವ್ವಾರ! ಇನ್ನ ಅಕ್ಕಿಕಾಳು ಹಾಕ್ರಿ," ಅಂದರು ಕಾಕಾ. ಎಲ್ಲರೂ ನಕ್ಕೆವು.

ಬಿತ್ತನೆ ಮುಗಿಯುವುದರೊಳಗೆ ಪಂಪು ಕಿರುಗುಟ್ಟತೊಡಗಿತು. ಬಿಚ್ಚಿದರೆ ರಬ್ಬರು ನುಚ್ಚಾಗಿತ್ತು, ಎಣ್ಣೆ ತಡೆಯುವ ಸೀಲು ಹರಿದಿತ್ತು. ಕಾಕಾ ಓಡಿ ಬಂದರು. ಸಾಲು ಅಳೆದು ನೋಡಿದರೆ ಅವರು ಬಿಟ್ಟುಹೋದಂತೆಯೇ ಇದೆ! ಅವರು ತಲೆ ಕೆರೆದುಕೊಂಡರು. ಹೊಸ ರಬ್ಬರು, ಹೊಸ ಸೀಲು ಹಾಕಿ, ಮತ್ತೊಮ್ಮೆ ಎಲ್ಲ ಅಳೆದು ಹೋದರು. ದೀಪಾವಳಿಯ ಹೊತ್ತಿಗೆ ಮತ್ತೆ ಅದೇ ಕಥೆ. ಈ ಸಲ ಪಂಪೇ ಹೋಗಿತ್ತು.

ಅಲ್ಲಿಗೆ ಜನಕ್ಕೆ ಬಾಯಿ ಸಿಕ್ಕಿತು. ಸವಣೂರಿನ ದಿಲಾವರ ನಮ್ಮ ಹಳೇ ಗಿರಾಕಿ, ಬಾಡಿಗೆಗೆ ರೋಟವೇಟರು ಹೊಡೆಯುವವನು. ಮನಸ್ಸು ಒಳ್ಳೆಯದು, ನಾಲಿಗೆಗೆ ಮಾತ್ರ ಬ್ರೇಕಿಲ್ಲ. "ಗುದ್ಲೆಪ್ಪ ಕಾಕಾ ಹಚ್ಚಿದ ಲಗ್ನ ಸೋಡಚೀಟಿ ಆತಂತ!" ಎಂದು ಅವನು ಸವಣೂರಿನ ಚಹಾದಂಗಡಿಯಲ್ಲಿ ಹೇಳಿದ್ದು ನಾಲ್ಕೂ ತಾಲೂಕು ಸುತ್ತಿ ಹಾನಗಲ್ಲಿಗೆ ಹೋಗಿ ಮುಟ್ಟಿತು. ಚೇಷ್ಟೆ ಅಷ್ಟಕ್ಕೇ ನಿಲ್ಲಲಿಲ್ಲ. ತಿಳವಳ್ಳಿಯಲ್ಲಿ ಕಾಕಾ ಒಂದು ಸಂಬಂಧ ಕೂಡಿಸುತ್ತಿದ್ದರು. ಆ ಮನೆಯ ಹಿರಿಯರು, "ನಿಮ್ಮ ಪಂಪಿನ ಲಗ್ನಾನ ನಿಲ್ಲವಲ್ದಂತ, ಸ್ವಲ್ಪ ತಡದು ನೋಡೂಣ್ರಿ," ಅಂದುಬಿಟ್ಟರಂತೆ. ನಗುತ್ತಲೇ ಅಂದದ್ದು, ಆದರೆ ಅಂದದ್ದಂತೂ ಹೌದು.

ಕಾಕಾ ಕುಗ್ಗಿಹೋದರು. ಹೊರಗೆ ನಗುತ್ತಿದ್ದರು, ಒಳಗೆ ಅವರಿಗೆ ಒಂದೇ ಹೆದರಿಕೆ: ನನ್ನ ಕಣ್ಣು ಕೈಕೊಟ್ಟವೇ? ಶಿಗ್ಗಾಂವಿಗೆ ಹೋಗಿ ಕಣ್ಣು ತೋರಿಸಿ ದಪ್ಪನೆಯ ಚಾಳೀಸು ಮಾಡಿಸಿಕೊಂಡು ಬಂದರು. ಹೊಸ ಪಂಪು ಹಚ್ಚಲು ಬಂದ ದಿನ ನನ್ನ ಕೌಂಟರಿನ ಮುಂದೆ ನಿಂತು ಮೆಲ್ಲಗೆ ಹೇಳಿದರು: "ಮಂಜುಳವ್ವಾ, ಈ ಸಲಾನೂ ಕೆಟ್ರ ನಾ ಪೆಟ್ಟಿಗಿ ಮುಚ್ಚಿಬಿಡ್ತೇನಿ. ನನ್ನ ಕಣ್ಣ ಮ್ಯಾಲ ನನಗ ನಂಬಿಕಿ ಇಲ್ಲಂದ ಮ್ಯಾಲ ಮಂದಿ ಮಶೀನಿಗೆ ಹೆಂಗ ಕೈ ಹಚ್ಚಲಿ?" ಹೀಗೆ ಅಂದವರು ನನ್ನ ಮದುವೆ ಮಾಡಿಸಿದ ಮನುಷ್ಯ. ಏನೂ ಆಗೂದಿಲ್ಲ ಹೋಗ್ರಿ ಕಾಕಾ ಎಂದು ದೊಡ್ಡ ದನಿಯಲ್ಲಿ ಅಂದೆ. ನನಗೂ ಧೈರ್ಯವಿರಲಿಲ್ಲ.

ಆ ದಿನ ಅವರು ಅಳೆದಂತೆ ಯಾರೂ ಅಳೆದಿರಲಿಕ್ಕಿಲ್ಲ. ಚಾಳೀಸು ಹಾಕಿ ಒಮ್ಮೆ, ತೆಗೆದು ಒಮ್ಮೆ. ಪ್ರೆಸ್ಸು ನಡೆಸಿ ನೋಡಿದರು, ಪಂಪಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ನಮ್ಮಲ್ಲೇ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಊಟ ಮಾಡಿ ಬೈಕು ಹತ್ತಿದರು. ಸುಭಾಸ ಒಂದು ಆಕ್ಸಲ್ ತಲುಪಿಸಲು ಸವಣೂರಿಗೆ ಹೋಗಿದ್ದ. ಮಧ್ಯಾಹ್ನದ ಬಿಸಿಲಿಗೆ ನಾನು ಕೌಂಟರಿನಲ್ಲಿ ತೂಕಡಿಸುತ್ತಿದ್ದೆ. ಅಷ್ಟರಲ್ಲಿ ಕಾಕಾರ ಬೈಕು ವಾಪಸು ಬಂದು ನಿಂತಿತು.

"ಚಾಳೀಸ ಬಿಟ್ಟು ಹ್ವಾದೆ ನೋಡವಾ. ರೂಢಿ ಇಲ್ಲ," ಅನ್ನುತ್ತ ಒಳಗೆ ಹೋದವರು ಬಾಗಿಲಲ್ಲೇ ನಿಂತುಬಿಟ್ಟರು. ನಾನು ಎದ್ದು ಅವರ ಹೆಗಲ ಮೇಲಿಂದ ಇಣುಕಿದೆ.

ಅತ್ತಿ ಕಚ್ಚೆ ಕಟ್ಟಿ ಮೋಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಕೈಯಲ್ಲಿ ಹದಿಮೂರರ ಪಾನಾ. ಮೋಟರಿನ ಒಂದು ಕಾಲಿನ ಬೋಲ್ಟನ್ನು ಆಗಲೇ ತೆಗೆದಿದ್ದರು. ಆ ಕಾಲಿನ ಕೆಳಗೆ ಏನನ್ನೋ ತೂರಿಸಿ, ಬೋಲ್ಟು ಇಳಿಸಿ, ಹಲ್ಲು ಕಚ್ಚಿ ಬಿಗಿ ಮಾಡುತ್ತಿದ್ದರು.

"ಅವ್ವಾರ!" ಅಂದರು ಕಾಕಾ.

ಅತ್ತಿ ಬೆಚ್ಚಿ ತಿರುಗಿದರು. ಮೊದಲು ಅವರ ಬಾಯಿಂದ ಬಂದದ್ದು ಇದು: "ಮೇನ್ ಸ್ವಿಚ್ ತೆಗದ ಕೈ ಹಾಕೇನ್ರಿ ಮತ್ತ. ನೀವ ಹೇಳಿದ್ರಿ."

"ಅದು ಬಿಡ್ರಿ. ಕಾಲಡಿ ಏನಿಟ್ರಿ?"

ಅತ್ತಿ ಸೆರಗು ಸರಿಮಾಡಿಕೊಂಡು, ತಪ್ಪು ಮಾಡಿದವರಂತಲ್ಲ, ತಪ್ಪು ತಿದ್ದುತ್ತಿರುವವರಂತೆ ಹೇಳಿದರು: "ತೂತಿನ ಬಿಲ್ಲಿ. ನೀವ ಲಗ್ನ ಅಂದ್ರಿ. ನಮ್ಮ ತವರಾಗ ವರ ಕುಂದ್ರೂ ಮಣಿ ಕೆಳಗ ಈ ಬಿಲ್ಲಿ ಇಡದ ಲಗ್ನಾ ಮಾಡಂಗಿಲ್ಲ. ನಂದರಾಗೂ ಇದನ್ನ ಇಟ್ಟಿದ್ರು, ಸುಭಾಸಂದರಾಗೂ ಇಟ್ಟೇನಿ. ನೀವ ಅಕ್ಕಿಕಾಳು ಹಾಕ್ರಿ ಅಂದು ನಕ್ಕೊಂತ ಹೋಗಿಬಿಟ್ರಿ. ಶಾಸ್ತ್ರ ಯಾರು ಮಾಡಬೇಕು?"

ನಡುವೆ ತೂತಿರುವ ಹಳೇ ಕಾಲದ ತಾಮ್ರದ ನಾಣ್ಯ ಅದು. ಬೋಲ್ಟು ಅದರ ತೂತಿನೊಳಗೇ ಇಳಿಯುತ್ತಿತ್ತು, ಹೀಗಾಗಿ ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

"ಪ್ರತಿ ಸಲಾನೂ ಇಟ್ಟೀರೇನು?" ಕಾಕಾರ ದನಿ ಸಣ್ಣದಾಗಿತ್ತು.

"ಇಡದ ಬಿಡ್ತೇನೇನು? ಮಶೀನ್ ಕೆಟ್ಟಾಗ ಬಿಲ್ಲಿಗೆ ಯಾರದೋ ದೃಷ್ಟಿ ಆಗೈತಿ ಅಂತ ತಗದು, ಹುಣಸಿಹಣ್ಣು ಹಚ್ಚಿ ತಿಕ್ಕಿ, ದೇವರ ಮುಂದ ಇಡತಿದ್ದೆ. ನೀವ ಬಂದು ಹೋದ ಮ್ಯಾಲ ಮತ್ತ ಇಡತಿದ್ದೆ."

ಕಾಕಾ ಆ ಎಣ್ಣೆ ಡಬ್ಬಿಯ ಮೇಲೆ ಧೊಪ್ಪನೆ ಕುಳಿತರು. ಬೈಯುತ್ತಾರೆ ಎಂದು ನಾನು ಕಾದೆ. ಅವರು ಬೈಯಲಿಲ್ಲ. ಪೆಟ್ಟಿಗೆ ತಂದು, ಸೀರೆಯ ತುಂಡು ಬಿಚ್ಚಿ, ಡಯಲ್ ಗೇಜನ್ನು ಕಪ್ಲಿಂಗಿಗೆ ಹಚ್ಚಿದರು. "ಇಲ್ಲಿ ಬರ್ರಿ. ಈ ಮುಳ್ಳು ನೋಡ್ಕೊಂತ ಅದನ್ನ ಸಡಲ ಮಾಡ್ರಿ," ಅಂದರು. ಅತ್ತಿ ಬೋಲ್ಟು ಸಡಿಲಿಸಿದಂತೆ ಮುಳ್ಳು ಸರಸರನೆ ಓಡಿತು. ಮತ್ತೆ ಬಿಗಿ ಮಾಡಿಸಿದರು, ಮುಳ್ಳು ವಾಪಸು ಓಡಿತು. ನಾಲ್ಕು ಕಾಲಿನಲ್ಲಿ ಒಂದು ಎತ್ತರವಾಗಿ, ಬಿಗಿ ಮಾಡಿದಾಗ ಮೋಟರೇ ಹೊರಳಿಕೊಂಡು ಸಾಲು ಓರೆಯಾಗುತ್ತಿತ್ತು. ಬಿಲ್ಲಿ ತೆಗೆದರೆ ಎಲ್ಲ ನೆಟ್ಟಗೆ. ಅದಕ್ಕೇ ಕಾಕಾ ಬಂದು ಅಳೆದಾಗಲೆಲ್ಲ ಸಾಲು ಸರಿ ಇರುತ್ತಿತ್ತು.

ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅತ್ತಿಯ ಮುಖ ಇಳಿಯಿತು. "ಅಂದ್ರ ಪಂಪ್ ಕೊಂದಾಕಿ ನಾನ ಏನು?" ಅಂದರು. ನಾನು ಈ ಮನೆಗೆ ಬಂದ ಮೇಲೆ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. "ಯಪ್ಪಾ, ಸುಭಾಸಗ ಹೇಳಬ್ಯಾಡ್ರಿ. ಮೊದಲ ಶೆಡ್ಡಿಗೆ ಬರಬ್ಯಾಡ ಅಂತಾನ. ಇದು ತಿಳೀತಂದ್ರ ಹೊಸ್ತಿಲಾ ದಾಟಿಸಿಗೊಡಂಗಿಲ್ಲ."

ಕಾಕಾರ ಮುಖದಲ್ಲಿ ಏನು ನಡೆಯುತ್ತಿತ್ತೆಂದು ನನಗೆ ಗೊತ್ತಾಗುತ್ತಿತ್ತು. ಕಣ್ಣು ಕೆಟ್ಟಿರಲಿಲ್ಲ! ಕೈ ತಪ್ಪಿರಲಿಲ್ಲ! ಈ ಬಿಲ್ಲಿಯನ್ನು ಒಯ್ದು ದಿಲಾವರನ ಮೂಗಿನ ಮುಂದೆ ಹಿಡಿದರೆ ಸಾಕು, ನಾಲ್ಕು ತಾಲೂಕಿನ ಬಾಯಿ ಮುಚ್ಚುತ್ತಿತ್ತು. ತಿಳವಳ್ಳಿಯ ಸಂಬಂಧವೂ ಕುದುರುತ್ತಿತ್ತು. ಅವರು ಬಿಲ್ಲಿಯನ್ನು ಅಂಗೈಯಲ್ಲಿ ಎರಡು ಸಲ ಹಾರಿಸಿ ಹಿಡಿದರು.

"ವರನ ಕಾಲಡಿ ಬ್ಯಾಡ್ರಿ, ಅವ್ವಾರ," ಅಂದರು ಕಡೆಗೆ. "ಕನ್ಯಾದ ಕೊರಳಿಗೆ ಹಾಕೂಣು." ಕಪ್ಲಿಂಗಿನ ಮೇಲೆ ಯಾರ ಕೈಯೂ ಸಿಗದಿರಲೆಂದು ತಗಡಿನ ಮುಚ್ಚಳ ಇರುತ್ತದೆ. ಅದರ ಬೋಲ್ಟು ಬಿಚ್ಚಿ, ವಾಷರಿನ ಜಾಗದಲ್ಲಿ ಬಿಲ್ಲಿಯನ್ನು ಕೂಡಿಸಿ ಬಿಗಿದರು. ಹುಣಸೆಹಣ್ಣಿನಲ್ಲಿ ತೊಳೆದ ಬಿಲ್ಲಿ ಫಳಫಳ ಹೊಳೆಯಿತು. ಮೋಟರಿನ ಕಾಲಿನ ಬೋಲ್ಟನ್ನು ಮಾತ್ರ ತಾವು ಮುಟ್ಟಲಿಲ್ಲ. "ಬಿಚ್ಚಿದವರ ಬಿಗಿ ಮಾಡ್ರಿ," ಎಂದು ಅತ್ತಿಯ ಕೈಗೆ ಪಾನಾ ಕೊಟ್ಟರು. ಅತ್ತಿ ಕಣ್ಣೊರೆಸಿಕೊಂಡು ಬಿಗಿ ಮಾಡಿದರು. ಮುಳ್ಳು ಅಲುಗಲಿಲ್ಲ.

ಪ್ರೆಸ್ಸು ನಡೆಸಿ ನೋಡುತ್ತಿರುವಾಗಲೇ ಸುಭಾಸ ಬಂದ. ಅವನ ಹಿಂದೆ ತನ್ನ ರೋಟವೇಟರು ಕೇಳಲು ದಿಲಾವರ.

"ಏನ್ ಕಾಕಾ, ಹಾನಗಲ್ ಮುಟ್ಟಿರ್ತೀರಿ ಅನ್ಕೊಂಡಿದ್ದೆ," ಅಂದ ಸುಭಾಸ. "ಮತ್ತೇನರೆ ಆತೇನು?"

ಕಾಕಾ ಅರಿವೆಯಲ್ಲಿ ಕೈ ಒರೆಸಿಕೊಂಡರು. "ಮೋಟರಿನ ಒಂದು ಕಾಲು ಸಪಾಟ ಕುಂತಿರ್ಲಿಲ್ಲಪಾ. ಅದಕ್ಕ ಸಾಲು ತಪ್ಪತಿತ್ತು. ಮೊದಲ ನೋಡಬೇಕಿತ್ತು, ನಾ ನೋಡ್ಲಿಲ್ಲ. ಈಗ ಸರಿ ಮಾಡೇನಿ."

"ಅಂದ್ರ ಮೊದಲಿಂದ ನಿಮ್ಮದ ತಪ್ಪೇನು?"

"ನಂದ."

ದಿಲಾವರ ಚಪ್ಪಾಳೆ ತಟ್ಟಿದ. "ಸೋಡಚೀಟಿಗೆ ಕಾಕಾ ತಾವ ಸಹಿ ಹಾಕಿದ್ರು ನೋಡ್ರಿ!"

ಸುಭಾಸ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. "ಕಾಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ," ಅಂದ ನೆಲ ನೋಡುತ್ತ. "ಇನ್ನ ಮುಂದ ಪ್ರೆಸ್ಸಿಗೆ ಹುಬ್ಬಳ್ಳಿಯಿಂದ ಬ್ಯಾರೆಯವ್ರನ್ನ ಕರಸ್ತೇನಿ." ಕಾಕಾ ತಲೆಯಾಡಿಸಿ ತಮ್ಮ ಸಾಮಾನನ್ನು ಸೀರೆಯ ತುಂಡಿನಲ್ಲಿ ಸುತ್ತತೊಡಗಿದರು. ನನಗೆ ಬಾಯಿ ತುಂಬ ಮಾತು ಬಂದಿತ್ತು, ಆದರೆ ಗುಟ್ಟು ನನ್ನದಾಗಿರಲಿಲ್ಲ. ಅತ್ತಿಯ ಕಡೆ ನೋಡಿದೆ.

"ಸುಭಾಸಾ," ಅಂದರು ಅತ್ತಿ. ಪಾನಾ ಇನ್ನೂ ಅವರ ಕೈಯಲ್ಲೇ ಇತ್ತು. "ಅವರು ಸುಳ್ಳು ಹೇಳಾಕತ್ತಾರ. ಮೋಟರಿನ ಕಾಲಡಿ ಬಿಲ್ಲಿ ಇಟ್ಟು ಸಾಲು ಕೆಡಿಸಿದಾಕಿ ನಾ. ಅವರು ಹೋದ ಕೂಡ್ಲೆ ಪ್ರತಿ ಸಲಾ ಇಟ್ಟೇನಿ. ಬೈಯೂದಿದ್ರ ನನ್ನ ಬೈ. ಶೆಡ್ಡಿಗೆ ಬರಬ್ಯಾಡ ಅಂದ್ರ ಬರಂಗಿಲ್ಲ. ಆದ್ರ ಈ ಮನಶ್ಯಾನ ಹೆಸರು ಕೆಡಸಬ್ಯಾಡ. ದಿಲಾವರಾ, ನೀನೂ ಕೇಳಿಸ್ಕೋ. ಇದನ್ನ ಹೋಗಿ ನಿನ್ನ ಚಹಾದಂಗಡ್ಯಾಗ ಹೇಳು, ನನ್ನ ಹೆಸರು ತಗೊಂಡ ಹೇಳು."

ಸುಭಾಸ ಅವ್ವನನ್ನು ನೋಡಿದ, ಮುಚ್ಚಳದ ಮೇಲೆ ಹೊಳೆಯುತ್ತಿದ್ದ ಬಿಲ್ಲಿಯನ್ನು ನೋಡಿದ. ಅವ್ವನ ಕೈಯಿಂದ ಪಾನಾ ತೆಗೆದುಕೊಂಡು, ಕುಕ್ಕರಿಸಿ, ಮೋಟರಿನ ಬೋಲ್ಟಿಗೆ ಹಚ್ಚಿ ಒತ್ತಿದ. ಅದು ಜಪ್ಪಯ್ಯ ಅನ್ನಲಿಲ್ಲ.

"ಇದನ್ನ ನೀ ಬಿಗಿ ಮಾಡೀಯೇನ, ಅವ್ವಾ?"

"ಮತ್ಯಾರು?"

ಸುಭಾಸನಿಗೆ ನಗು ಉಕ್ಕಿತು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ, ಕಡೆಗೆ ನೆಲದ ಮೇಲೆ ಕುಳಿತುಕೊಂಡೇ ನಗತೊಡಗಿದ. "ಶೆಡ್ಡಿಗೆ ಬರಬ್ಯಾಡ ಅಂದಾಂವ ನಾ ಹುಚ್ಚ. ನನ್ನ ಕೈಲೇ ಸಡಲ ಆಗವಲ್ದಲ್ಲಬೇ ಇದು!" ದಿಲಾವರ ಕಿವಿ ಹಿಡಿದುಕೊಂಡು ಕಾಕಾರ ಕಡೆ ಬಗ್ಗಿದ. ನಾನೂ ನಕ್ಕೆ, ನಕ್ಕು ನಕ್ಕು ಅತ್ತುಬಿಟ್ಟೆ.

ಸಿಟ್ಟಾದವರು ಕಾಕಾ ಒಬ್ಬರೇ. "ಎಂಥಾ ಹೆಣ್ಣಮಗಳ್ರಿ ನೀವು!" ಎಂದು ಅತ್ತಿಯ ಮೇಲೆ ಜೋರು ಮಾಡಿದರು. "ಇಷ್ಟು ಚೆಂದ ಸುಳ್ಳು ಹೇಳಿ ಮುಗಿಸಿದ್ದೆ, ಎಲ್ಲಾ ಕೆಡಿಸಿಬಿಟ್ರಿ..." ಕೈಯಲ್ಲಿದ್ದ ಎಣ್ಣೆ ಅರಿವೆಯಿಂದಲೇ ಎರಡೂ ಕಣ್ಣು ಒರೆಸಿಕೊಂಡರು. ಹಣೆಯಿಂದ ಗಲ್ಲದವರೆಗೆ ಕರ್ರಗಾಯಿತು.

"ನಿಲ್ರಿ, ಮಾರಿಗೆ ಮಸಿ ಹತ್ತೇತಿ," ಅಂದರು ಅತ್ತಿ. ಹತ್ತಿರ ಹೋಗಿ, ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು, ಮಗನ ಮುಖ ಒರೆಸುವ ಹಾಗೆ ಒರೆಸಿದರು. ಕಾಕಾ ಕಣ್ಣು ಮುಚ್ಚಿ ಮುಖ ಮುಂದೆ ಮಾಡಿಕೊಂಡು ಸುಮ್ಮನೆ ನಿಂತಿದ್ದರು.